ಎರಡು ಸಲ ಸಾಗರ ದಾಟಿದವನ ಸಂಸಾರ



ಈ ಭಾಷಣವನ್ನು ಸಿದ್ಧಪಡಿಸುವಾಗ ಎದುರಾದ ಮೊದಲ ತೊಂದರೆಯನ್ನು ಮೊದಲೇ ಹೇಳಿಬಿಡುತ್ತೇನೆ. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಯಾರ ವಿಷಯ ಹೇಳಬೇಕಾದರೂ ಒಂದು ಚಿತ್ರ ಬೇಕು. ಚಿತ್ರವಿಲ್ಲದಿದ್ದರೆ ಕೈಕಾಲು ಆಡುವುದಿಲ್ಲ. ನಾನು ಆರಿಸಿಕೊಂಡ ಮನುಷ್ಯನ ಚಿತ್ರ ಎಲ್ಲಿಯೂ ಇಲ್ಲ. 1620ರಲ್ಲಿ ‘ಮೇಫ್ಲವರ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ 102 ಮಂದಿ ಪ್ರಯಾಣಿಕರ ಪೈಕಿ, ಎದುರಿಗೆ ಕೂತು ಬರೆಸಿಕೊಂಡ ನಂಬಲರ್ಹವಾದ ಭಾವಚಿತ್ರ ಉಳಿದಿರುವುದು ಎಡ್ವರ್ಡ್ ವಿನ್‌ಸ್ಲೋ ಒಬ್ಬನದು ಮಾತ್ರ. ಮಿಕ್ಕವರನ್ನು ನಾವು ಕಾಗದಗಳಲ್ಲಿಯೇ ಹುಡುಕಬೇಕು. ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಮರಣದ ಪುಸ್ತಕ, ನ್ಯಾಯಾಲಯ ವಿಧಿಸಿದ ದಂಡದ ಲೆಕ್ಕ, ಸಾಯುವ ಮುಂಚೆ ಬರೆಸಿದ ಉಯಿಲು, ಇವೇ ಅವರ ಚಿತ್ರಗಳು.

ಆ ಮನುಷ್ಯನ ಹೆಸರು ಸ್ಟೀಫನ್ ಹಾಪ್ಕಿನ್ಸ್. ಅವನು ರಾಜನಲ್ಲ, ಸೇನಾಪತಿಯಲ್ಲ, ಧರ್ಮಗುರುವೂ ಅಲ್ಲ. ಸ್ವಲ್ಪ ಓದು ಬರಹ ಬಲ್ಲ, ಸ್ವಲ್ಪ ಹೆಚ್ಚಾಗಿಯೇ ವಾದ ಮಾಡಬಲ್ಲ ಒಬ್ಬ ಸಾಮಾನ್ಯ ಸಂಸಾರಸ್ಥ. ಆದರೆ ಅವನ ಬದುಕಿನಲ್ಲಿ ಕ್ಷಮೆ ಎಂಬ ಪ್ರಶ್ನೆ ಮೂರು ಸಲ ಬಂತು. ಮೊದಲ ಸಲ ಅವನು ಬೇಡಿದ, ಎರಡನೆಯ ಸಲ ಇತರರಿಗಾಗಿ ಕೇಳಿದ. ಮೂರನೆಯ ಸಲ ಕೊಡಬೇಕಾದವನು ಅವನೇ ಆಗಿದ್ದ. ಈ ಮೂರನ್ನೂ ನಿಮ್ಮ ಮುಂದಿಡಬೇಕೆಂಬುದೇ ನನ್ನ ಉದ್ದೇಶ.

ಇಲ್ಲಿ ಬರುವ ತಾರೀಖುಗಳೆಲ್ಲ ಆಗಿನ ಇಂಗ್ಲೆಂಡಿನ ಹಳೆಯ ಪಂಚಾಂಗದವು. ಇಂದಿನ ಲೆಕ್ಕಕ್ಕೆ ಅವು ಹತ್ತು ದಿನ ಹಿಂದೆ ಬೀಳುತ್ತವೆ. ಹೊಸ ವರ್ಷ ಮಾತ್ರ ಅವರಿಗೆ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ನಾನು ಜನವರಿಯಿಂದಲೇ ಲೆಕ್ಕ ಹಿಡಿದಿದ್ದೇನೆ.

ಹಾಪ್ಕಿನ್ಸ್ ಎಲ್ಲಿಯವನು? ಬಹುಕಾಲದವರೆಗೆ ಅವನನ್ನು ಗ್ಲೌಸ್ಟರ್‌ಶೈರ್ ಪ್ರಾಂತ್ಯದವನೆಂದು ಪುಸ್ತಕಗಳು ಹೇಳುತ್ತಿದ್ದವು. ಅವನ ಮೊದಲ ಹೆಂಡತಿಗೆ ಕಾನ್‌ಸ್ಟನ್ಸ್ ಡಡ್ಲಿ ಎಂಬ ಹೆಸರನ್ನೂ ಕೊಟ್ಟಿದ್ದವು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ನಕಲು ಮಾಡುತ್ತ ಹೋದರೆ ಊಹೆಯೇ ಸತ್ಯವಾಗಿಬಿಡುತ್ತದೆ, ನೋಡಿ. 1998ರಲ್ಲಿ ಕೇಲೆಬ್ ಜಾನ್ಸನ್ ಎಂಬ ಸಂಶೋಧಕರು ಹ್ಯಾಂಪ್‌ಶೈರ್ ಪ್ರಾಂತ್ಯದ ಹರ್ಸ್ಲಿ ಎಂಬ ಹಳ್ಳಿಯ ಚರ್ಚಿನ ದಾಖಲೆಯನ್ನು ಪ್ರಕಟಿಸಿದರು. ಅಲ್ಲಿ ಒಂದೇ ಕುಟುಂಬದ ಮೂರು ಮಕ್ಕಳ ದೀಕ್ಷಾಸ್ನಾನ ದಾಖಲಾಗಿತ್ತು: 1604ರಲ್ಲಿ ಎಲಿಜಬೆತ್, 1606ರಲ್ಲಿ ಕಾನ್‌ಸ್ಟನ್ಸ್, 1608ರಲ್ಲಿ ಜೈಲ್ಸ್. ತಂದೆ ಸ್ಟೀಫನ್ ಹಾಪ್ಕಿನ್ಸ್. ತಾಯಿಯ ಹೆಸರು ಮೇರಿ. ಮೇಫ್ಲವರ್ ಹಡಗಿನಲ್ಲಿ ಹಾಪ್ಕಿನ್ಸನೊಂದಿಗೆ ಹೋದ ದೊಡ್ಡ ಮಕ್ಕಳಿಬ್ಬರ ಹೆಸರೂ ಕಾನ್‌ಸ್ಟನ್ಸ್ ಮತ್ತು ಜೈಲ್ಸ್ ಎಂದೇ. ಒಂದು ಹೆಸರು ಹೊಂದಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಅಷ್ಟೇನೂ ಸಾಮಾನ್ಯವಲ್ಲದ ಎರಡು ಹೆಸರುಗಳು ಒಂದೇ ಮನೆಯಲ್ಲಿ ಸಿಕ್ಕಿದಾಗ ಹಳೆಯ ಊಹೆ ಬಿದ್ದುಹೋಯಿತು. ವಿಜ್ಞಾನ ಓದಿದ ನನಗೆ ಇದು ಪ್ರಯೋಗಶಾಲೆಯ ಒಂದು ಒಳ್ಳೆಯ ಫಲಿತಾಂಶದಷ್ಟೇ ಸಂತೋಷ ಕೊಟ್ಟಿತು. ಸ್ಟೀಫನ್ ಹುಟ್ಟಿದ್ದು ಅದೇ ಪ್ರಾಂತ್ಯದ ಅಪ್ಪರ್ ಕ್ಲಾಟ್‌ಫರ್ಡ್‌ನಲ್ಲಿ. ದೀಕ್ಷಾಸ್ನಾನ 1581ರ ಏಪ್ರಿಲ್ 30ರಂದು.

1609ರಲ್ಲಿ ಅವನಿಗೆ 28 ವರ್ಷ. ಮನೆಯಲ್ಲಿ ಹೆಂಡತಿ, ಮೂರು ಚಿಕ್ಕ ಮಕ್ಕಳು. ಅವರನ್ನು ಬಿಟ್ಟು ಅವನು ‘ಸೀ ವೆಂಚರ್’ ಎಂಬ ಹಡಗು ಹತ್ತಿದ. ಅಮೆರಿಕದ ವರ್ಜೀನಿಯಾ ತೀರದಲ್ಲಿ ಜೇಮ್ಸ್‌ಟೌನ್ ಎಂಬ ಇಂಗ್ಲಿಷ್ ವಸಾಹತು ಎರಡು ವರ್ಷಗಳ ಹಿಂದೆ ಪ್ರಾರಂಭವಾಗಿತ್ತು. ಅದಕ್ಕೆ ಜನ, ಆಹಾರ, ಒಬ್ಬ ಹೊಸ ಅಧಿಕಾರಿ, ಎಲ್ಲವನ್ನೂ ಹೊತ್ತ ಒಂಬತ್ತು ನೌಕೆಗಳ ತಂಡ ಜೂನ್‌ನಲ್ಲಿ ಹೊರಟಿತು. ಸೀ ವೆಂಚರ್ ಅದರ ಮುಖ್ಯ ಹಡಗು. ಹಾಪ್ಕಿನ್ಸನ ಕೆಲಸ ಪಾದ್ರಿ ರಿಚರ್ಡ್ ಬಕ್‌ಗೆ ಸಹಾಯಕನಾಗಿ ಭಾನುವಾರದ ಪ್ರಾರ್ಥನೆಯಲ್ಲಿ ಕೀರ್ತನೆಗಳನ್ನು ಓದುವುದು.

ಜುಲೈ 24ರಂದು ಚಂಡಮಾರುತ ಹಿಡಿಯಿತು. ಹಲಗೆಗಳ ಸಂದುಗಳಲ್ಲಿ ತುರುಕಿದ್ದ ನಾರು ಕಿತ್ತುಬಂದು ಹಡಗು ಸೋರತೊಡಗಿತು. ಮೂರು ಹಗಲು ನಾಲ್ಕು ರಾತ್ರಿ ಶ್ರೀಮಂತರು, ಕೂಲಿಗಳು ಎನ್ನದೆ ಎಲ್ಲರೂ ನೀರು ಎತ್ತಿಹಾಕಿದರು. ಒಂದು ರಾತ್ರಿ ಕಂಬದ ತುದಿಯಲ್ಲಿ, ಹಗ್ಗಗಳ ಮೇಲೆ ನಕ್ಷತ್ರದಂಥ ಒಂದು ಬೆಳಕು ಓಡಾಡಿತಂತೆ. ಗುಡುಗಿನ ಮೋಡಗಳ ಕೆಳಗೆ ಚೂಪಾದ ತುದಿಗಳಿಂದ ವಿದ್ಯುತ್ತು ಗಾಳಿಗೆ ಹರಿಯುವಾಗ ಕಾಣುವ ಬೆಳಕು ಅದು. ನಾವಿಕರು ಅದನ್ನು ಸಂತ ಎಲ್ಮೋನ ಬೆಂಕಿ ಎನ್ನುತ್ತಿದ್ದರು. ಜುಲೈ 28ರಂದು ಭೂಮಿ ಕಂಡಿತು. ಹಡಗು ಬರ್ಮುಡಾ ದ್ವೀಪದ ಹವಳದ ಬಂಡೆಗಳ ನಡುವೆ ಸಿಕ್ಕಿ ನಿಂತಿತು. ಆಶ್ಚರ್ಯವೆಂದರೆ, ಸುಮಾರು 150 ಜನರೂ ಜೀವಸಹಿತ ದಡ ಸೇರಿದರು.

ಈ ಕಥೆ ನಿಮಗೆ ಎಲ್ಲೋ ಕೇಳಿದಂತೆ ಅನ್ನಿಸುತ್ತಿದೆಯೇ? ಅದೇ ಹಡಗಿನಲ್ಲಿದ್ದ ವಿಲಿಯಂ ಸ್ಟ್ರೇಚಿ ಎಂಬಾತ ಈ ಅನುಭವವನ್ನೆಲ್ಲ ಒಂದು ದೀರ್ಘ ಪತ್ರದಲ್ಲಿ ಬರೆದ. ಅದು ಅಚ್ಚಾದದ್ದು 1625ರಲ್ಲಿ. ಆದರೆ ಅದಕ್ಕೂ ಮೊದಲೇ ಷೇಕ್ಸ್‌ಪಿಯರ್ ಅದರ ಕೈಬರಹವನ್ನು ಓದಿದ್ದನೆಂದು ಬಹಳಷ್ಟು ವಿದ್ವಾಂಸರು ನಂಬುತ್ತಾರೆ. 1611ರಲ್ಲಿ ಆಡಿದ ‘ದಿ ಟೆಂಪೆಸ್ಟ್’ ನಾಟಕದ ಬಿರುಗಾಳಿ, ನಿರ್ಜನ ದ್ವೀಪಗಳ ಹಿಂದೆ ಈ ಬರ್ಮುಡಾ ಇದೆ. ಕುವೆಂಪು ಅವರು ಆ ನಾಟಕವನ್ನು ‘ಬಿರುಗಾಳಿ’ ಎಂದು ಕನ್ನಡಕ್ಕೆ ತಂದಿದ್ದಾರೆ. ಮೂಲದಲ್ಲಿ ಸ್ಟೆಫಾನೋ ಎಂಬ ಕುಡುಕ ಸೇವಕನೊಬ್ಬ ದ್ವೀಪಕ್ಕೆ ತಾನೇ ರಾಜನಾಗುತ್ತೇನೆಂದು ಹೊರಡುತ್ತಾನಲ್ಲ, ಆ ಹೆಸರು ನಮ್ಮ ಸ್ಟೀಫನ್ನನಿಂದ ಬಂದಿರಬಹುದೆಂದು ಹೇಳುವವರೂ ಇದ್ದಾರೆ. ಅದು ಊಹೆ. ಆದರೆ ಸ್ಟ್ರೇಚಿಯ ಪತ್ರದಲ್ಲಿ ಹಾಪ್ಕಿನ್ಸ್ ಇದ್ದಾನೆ ಎಂಬುದು ಊಹೆಯಲ್ಲ.

ಬರ್ಮುಡಾದಲ್ಲಿ ಮನುಷ್ಯರಿರಲಿಲ್ಲ. ಕಾಡುಹಂದಿ, ಕಡಲಾಮೆ, ಮೀನು, ಹಕ್ಕಿಗಳು ಬೇಕಾದಷ್ಟು. ರಾಜ್ಯಪಾಲ ಸರ್ ಥಾಮಸ್ ಗೇಟ್ಸ್ ಮಾತ್ರ ಹೊಸ ದೋಣಿ ಕಟ್ಟಿ ವರ್ಜೀನಿಯಾಕ್ಕೆ ಹೋಗಲೇಬೇಕೆಂದು ಎಲ್ಲರನ್ನೂ ದುಡಿಸತೊಡಗಿದ. 1610ರ ಜನವರಿಯಲ್ಲಿ ಹಾಪ್ಕಿನ್ಸ್ ಇಬ್ಬರು ಜೊತೆಗಾರರ ಮುಂದೆ ತನ್ನ ವಾದವನ್ನಿಟ್ಟ. ರಾಜ್ಯಪಾಲನ ಅಧಿಕಾರ ಇದ್ದದ್ದು ಪ್ರಯಾಣದ ಮೇಲೆ. ಹಡಗು ಒಡೆದಾಗಲೇ ಆ ಅಧಿಕಾರ ಮುಗಿಯಿತು. ಈಗ ಪ್ರತಿಯೊಬ್ಬನೂ ಸ್ವತಂತ್ರ, ತನ್ನನ್ನೂ ತನ್ನ ಸಂಸಾರವನ್ನೂ ನೋಡಿಕೊಳ್ಳುವುದಷ್ಟೇ ಅವನ ಹೊಣೆ. ಇಲ್ಲಿ ದೇವರು ಕೊಟ್ಟ ಆಹಾರ ಹೇರಳವಾಗಿದೆ, ಅಲ್ಲಿಗೆ ಹೋದರೆ ಬಂಡವಾಳ ಹಾಕಿದವರಿಗಾಗಿ ಜೀವಮಾನವೆಲ್ಲ ದುಡಿಯಬೇಕಾದೀತು. ಇದಕ್ಕೆಲ್ಲ ಅವನು ಬೈಬಲ್ಲಿನ ಆಧಾರವನ್ನೂ ಕೊಟ್ಟನಂತೆ. ಒಡೆದ ಹಡಗಿನ ಜೊತೆ ಆಳುವವನ ಹಕ್ಕೂ ಒಡೆಯುತ್ತದೆಯೇ? ಕಾನೂನು ಓದುವವರು ಈ ಪ್ರಶ್ನೆಯನ್ನು ಹಗುರವಾಗಿ ನೋಡಲಾರರು.

ಗೇಟ್ಸ್ ಅದನ್ನು ದಂಗೆ ಎಂದ. ಕೇಳಿದ ಇಬ್ಬರೂ ಹೋಗಿ ಹೇಳಿಬಿಟ್ಟಿದ್ದರು. ಗಂಟೆ ಬಾರಿಸಿ ಎಲ್ಲರನ್ನೂ ಕೂಡಿಸಿ, ಹಾಪ್ಕಿನ್ಸನ ಕೈಗೆ ಕೋಳ ತೊಡಿಸಿ ವಿಚಾರಣೆ ನಡೆಸಿದರು. ಮರಣದಂಡನೆ ವಿಧಿಸಿಯೂ ಆಯಿತು. ಆಗ ಅವನ ವಾದಗಳೆಲ್ಲ ಕರಗಿದವು. ನಾನು ಸತ್ತರೆ ನನ್ನ ಹೆಂಡತಿ ಮಕ್ಕಳು ಹಾಳಾಗುತ್ತಾರೆ ಎಂದು ಅಳುತ್ತ ಬೇಡಿಕೊಂಡ. ಅದನ್ನು ನೋಡಲಾರದೆ ಕ್ಯಾಪ್ಟನ್ ನ್ಯೂಪೋರ್ಟ್, ಸ್ವತಃ ಸ್ಟ್ರೇಚಿ ಮತ್ತು ಇತರರು ರಾಜ್ಯಪಾಲನ ಹಿಂದೆ ಬಿದ್ದು ಕ್ಷಮೆ ಕೊಡಿಸಿದರು. ಇದು ಬರೀ ಬೆದರಿಕೆಯಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಹೆನ್ರಿ ಪೇನ್ ಎಂಬ ಇನ್ನೊಬ್ಬನಿಗೆ ಇಂಥದೇ ಶಿಕ್ಷೆಯಾದಾಗ ಗುಂಡಿಟ್ಟು ಕೊಂದೇಬಿಟ್ಟರು.

ಎರಡು ಚಿಕ್ಕ ನೌಕೆಗಳಲ್ಲಿ ಅವರು ಮೇ ತಿಂಗಳಲ್ಲಿ ಜೇಮ್ಸ್‌ಟೌನ್ ತಲುಪಿದಾಗ ಅಲ್ಲಿ ಕಂಡದ್ದು ಅರುವತ್ತರಷ್ಟು ಅಸ್ಥಿಪಂಜರದಂಥ ಜನರನ್ನು. ಮಿಕ್ಕವರು ಹಸಿವಿನಿಂದಲೂ ಕಾಯಿಲೆಯಿಂದಲೂ ಸತ್ತಿದ್ದರು. ಅಲ್ಲಿ ಆಹಾರವಿಲ್ಲವೆಂದು ಹಾಪ್ಕಿನ್ಸ್ ಹೇಳಿದ್ದು ತಪ್ಪಾಗಿರಲಿಲ್ಲ.

ಅವನು ಯಾರ ಹೆಸರು ಹೇಳಿ ಪ್ರಾಣ ಉಳಿಸಿಕೊಂಡನೋ ಆ ಹೆಂಡತಿ ಏನಾದಳು? ಗಂಡ ಸಾಗರ ದಾಟಿ ಹೋದ ನಾಲ್ಕನೆಯ ವರ್ಷ, 1613ರ ಮೇ 9ರಂದು, ಹರ್ಸ್ಲಿಯಲ್ಲಿ ಮೇರಿ ಹಾಪ್ಕಿನ್ಸಳನ್ನು ಮಣ್ಣು ಮಾಡಿದರು. ಮಕ್ಕಳಿಗೆ ಒಂಬತ್ತು, ಏಳು ಮತ್ತು ಐದು ವರ್ಷ. ಅವಳ ಮನೆಯ ಸಾಮಾನಿನ ಪಟ್ಟಿ ಮಾಡಿ ಬೆಲೆ ಕಟ್ಟಿದರು. ಇವಿಷ್ಟೇ ಅವಳ ದಾಖಲೆ. ಬರ್ಮುಡಾದ ವೀರಗಾಥೆಯನ್ನು ಹೇಳುವ ಪುಸ್ತಕಗಳಲ್ಲಿ ಮೇರಿಗೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಗಂಡನಿಲ್ಲದ ಆ ವರ್ಷಗಳಲ್ಲಿ ಮೂರು ಮಕ್ಕಳನ್ನು ಸಾಕಿದ್ದು ಬಿರುಗಾಳಿಗಿಂತ ಚಿಕ್ಕ ಸಾಹಸವೆಂದು ನನಗೇನೂ ಅನ್ನಿಸುವುದಿಲ್ಲ.

ಹಾಪ್ಕಿನ್ಸ್ ಇಂಗ್ಲೆಂಡಿಗೆ ಹಿಂತಿರುಗಿದ. 1618ರ ಫೆಬ್ರುವರಿಯಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಎಲಿಜಬೆತ್ ಫಿಷರ್ ಎಂಬಾಕೆಯನ್ನು ಮದುವೆಯಾದ. ಡ್ಯಾಮರಿಸ್ ಎಂಬ ಮಗಳು ಹುಟ್ಟಿದಳು. ಒಮ್ಮೆ ಹಡಗು ಒಡೆದು, ನೇಣಿನ ಹತ್ತಿರ ಹೋಗಿ, ಹಸಿವನ್ನು ಕಂಡು ಬಂದವನು ಮತ್ತೆ ಸಮುದ್ರದ ಹೆಸರೆತ್ತಬಾರದಲ್ಲವೇ? ಇವನು ಎತ್ತಿದ. ಈ ಸಲ ಮಾತ್ರ ಸಂಸಾರವನ್ನು ಬಿಟ್ಟು ಹೋಗಲಿಲ್ಲ.

1620ರ ಸೆಪ್ಟೆಂಬರ್ 6ರಂದು ಮೇಫ್ಲವರ್ ಇಂಗ್ಲೆಂಡಿನ ಪ್ಲಿಮತ್ ಬಂದರನ್ನು ಬಿಟ್ಟಾಗ ಅದರಲ್ಲಿ ಹಾಪ್ಕಿನ್ಸ್, ತುಂಬು ಗರ್ಭಿಣಿಯಾದ ಎಲಿಜಬೆತ್, ಕಾನ್‌ಸ್ಟನ್ಸ್, ಜೈಲ್ಸ್, ಪುಟ್ಟ ಡ್ಯಾಮರಿಸ್, ಜೊತೆಗೆ ಎಡ್ವರ್ಡ್ ಡೋಟಿ ಮತ್ತು ಎಡ್ವರ್ಡ್ ಲೀಸ್ಟರ್ ಎಂಬ ಇಬ್ಬರು ಆಳುಗಳು ಇದ್ದರು. ಮೇರಿಯ ಹಿರಿಯ ಮಗಳು ಎಲಿಜಬೆತ್ ಆ ಪಟ್ಟಿಯಲ್ಲಿಲ್ಲ. ನಡುಸಮುದ್ರದಲ್ಲಿ ಒಂದು ಗಂಡು ಮಗು ಹುಟ್ಟಿತು. ಅದಕ್ಕೆ ‘ಓಷಿಯಾನಸ್’ ಎಂದು ಹೆಸರಿಟ್ಟರು. ಸಾಗರ ಎಂದೇ ಅರ್ಥ. ಅಲುಗಾಡುವ ಆ ಹಡಗಿನ ಕೆಳ ಅಂತಸ್ತಿನಲ್ಲಿ, ನೂರು ಜನರ ನಡುವೆ, ಬಾಣಂತಿಯ ಸ್ಥಿತಿ ಹೇಗಿದ್ದಿರಬೇಕು! ಆ ಹಡಗಿನಲ್ಲಿದ್ದವರಲ್ಲಿ ಒಂದು ಭಾಗ ಧರ್ಮದ ಕಾರಣಕ್ಕೆ ಇಂಗ್ಲೆಂಡಿನ ಚರ್ಚನ್ನು ತೊರೆದವರು. ಹಾಪ್ಕಿನ್ಸ್ ಕುಟುಂಬ ಆ ಗುಂಪಿನದಲ್ಲ. ಹೊಸ ನೆಲದಲ್ಲಿ ಬದುಕು ಕಟ್ಟಲು ಹೊರಟ ‘ಹೊರಗಿನವರ’ ಗುಂಪಿನದು.

ನವೆಂಬರ್‌ನಲ್ಲಿ ಹಡಗು ಕೇಪ್ ಕಾಡ್ ಎಂಬಲ್ಲಿ ಲಂಗರು ಹಾಕಿತು. ಆದರೆ ಅವರ ಬಳಿ ಇದ್ದ ಪರವಾನಗಿ ವರ್ಜೀನಿಯಾದ್ದು, ಈ ಜಾಗದ್ದಲ್ಲ. ಕೂಡಲೇ ಹೊರಗಿನವರಲ್ಲಿ ಕೆಲವರು, ಇಲ್ಲಿ ನಮ್ಮ ಮೇಲೆ ಯಾರಿಗೂ ಅಧಿಕಾರವಿಲ್ಲ, ನಾವು ನಮಗೆ ಬೇಕಾದಂತೆ ಇರುತ್ತೇವೆ ಎಂದು ಮಾತನಾಡತೊಡಗಿದರು. ಹತ್ತು ವರ್ಷಗಳ ಹಿಂದೆ ಬರ್ಮುಡಾದಲ್ಲಿ ಕೇಳಿದ ವಾದವೇ! ವಸಾಹತಿನ ಇತಿಹಾಸ ಬರೆದ ವಿಲಿಯಂ ಬ್ರಾಡ್‌ಫರ್ಡ್ ಆ ಮಾತಾಡಿದವರು ಯಾರೆಂದು ಹೆಸರಿಸುವುದಿಲ್ಲ. ನಾನೂ ಬೆರಳು ತೋರಿಸುವುದಿಲ್ಲ. ಆದರೆ ಈ ಸಲ ಗಂಟೆ ಬಾರಿಸಿ ಕೋಳ ತೊಡಿಸಲಿಲ್ಲ. ನವೆಂಬರ್ 11ರಂದು ಎಲ್ಲರೂ ಸೇರಿ ತಾವೇ ಕಾನೂನು ಮಾಡಿಕೊಂಡು ಅದಕ್ಕೆ ಬದ್ಧರಾಗಿರುತ್ತೇವೆಂದು ಒಂದು ಕರಾರು ಬರೆದರು. 41 ಗಂಡಸರು ಸಹಿ ಹಾಕಿದರು. ಹಾಪ್ಕಿನ್ಸನ ಹೆಸರು ಅದರಲ್ಲಿದೆ, ಅವನ ಆಳುಗಳಿಬ್ಬರ ಹೆಸರೂ ಇದೆ. ಹೆಂಗಸರ ಸಹಿ ಯಾರೂ ಕೇಳಲಿಲ್ಲ.

ದಡದಲ್ಲಿ ಹಾಪ್ಕಿನ್ಸನ ಹಳೆಯ ಅನುಭವ ಉಪಯೋಗಕ್ಕೆ ಬಂತು. ಜಾಗ ಹುಡುಕಲು ಹೋದವರಿಗೆ ಕಾಡಿನಲ್ಲಿ ಒಂದು ಬಗ್ಗಿಸಿ ಕಟ್ಟಿದ ಎಳೆಮರ, ಕೆಳಗೆ ಚೆಲ್ಲಿದ ಓಕ್ ಕಾಯಿಗಳು ಕಂಡವು. ಇದು ಜಿಂಕೆ ಹಿಡಿಯುವ ಉರುಲು ಎಂದು ಹಾಪ್ಕಿನ್ಸ್ ವಿವರಿಸುತ್ತಿದ್ದ. ಹಿಂದಿನಿಂದ ಬಂದ ಬ್ರಾಡ್‌ಫರ್ಡ್, ಮುಂದೆ ಗವರ್ನರ್ ಆಗಬೇಕಾದವನು, ನೋಡುತ್ತ ಕಾಲಿಟ್ಟ. ಮರ ಚಿಮ್ಮಿ ಅವನ ಕಾಲನ್ನು ಸರಕ್ಕನೆ ಎಳೆದುಕೊಂಡಿತು! ಉರುಲಿನ ಹಗ್ಗ ಇಂಗ್ಲೆಂಡಿನ ಹಗ್ಗದಷ್ಟೇ ಚೆನ್ನಾಗಿ ಹೊಸೆದದ್ದೆಂದು ಅವರೇ ಬರೆದುಕೊಂಡಿದ್ದಾರೆ.

ಆ ಚಳಿಗಾಲದಲ್ಲಿ ಬಂದವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಸತ್ತರು. ಹದಿನೆಂಟು ಮಂದಿ ವಿವಾಹಿತ ಹೆಂಗಸರಲ್ಲಿ ಶರತ್ಕಾಲದ ಸುಗ್ಗಿಯ ವೇಳೆಗೆ ಉಳಿದವರು ನಾಲ್ವರು. ಎಲಿಜಬೆತ್ ಹಾಪ್ಕಿನ್ಸ್ ಅವರಲ್ಲಿ ಒಬ್ಬಳು. ಎಂಟು ಜನರ ಹಾಪ್ಕಿನ್ಸ್ ಮನೆಯಲ್ಲಿ, ಹಸುಗೂಸು ಸಹಿತ, ಆ ಚಳಿಗೆ ಒಬ್ಬರೂ ಬಲಿಯಾಗಲಿಲ್ಲ. 1621ರ ಸುಗ್ಗಿಯ ಔತಣಕ್ಕೆ ತೊಂಬತ್ತು ಮಂದಿ ವಾಂಪನೋಗ್ ಜನರು ಬಂದು ಮೂರು ದಿನ ಇದ್ದರು. ಅಮೆರಿಕನ್ನರು ಅದನ್ನೇ ಮೊದಲ ‘ಥ್ಯಾಂಕ್ಸ್‌ಗಿವಿಂಗ್’ ಎಂದು ಸಂಭ್ರಮಿಸುತ್ತಾರೆ. ಒಲೆಯ ಮುಂದೆ ಯಾರಿದ್ದರು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಕಾನ್‌ಸ್ಟನ್ಸ್‌ಗೆ ಆಗ ಹದಿನೈದು ವರ್ಷ.

ಅವರು ನೆಲೆನಿಂತ ಜಾಗ ಖಾಲಿ ಭೂಮಿಯೇನಲ್ಲ. ಅದು ಪಟುಕ್ಸೆಟ್ ಎಂಬ ಊರು. ಕೆಲವೇ ವರ್ಷಗಳ ಹಿಂದೆ, ಐರೋಪ್ಯ ಹಡಗುಗಳು ಆ ತೀರಕ್ಕೆ ಬಂದುಹೋಗುತ್ತಿದ್ದ ಕಾಲದಲ್ಲಿ, ಅಲ್ಲಿಯ ಜನರ ಶರೀರಕ್ಕೆ ಪರಿಚಯವೇ ಇಲ್ಲದ ಸಾಂಕ್ರಾಮಿಕ ರೋಗವೊಂದು ಹರಡಿ ಊರಿಗೆ ಊರೇ ನಾಶವಾಗಿತ್ತು. ಬದುಕುಳಿದ ಟಿಸ್ಕ್ವಾಂಟಮ್ ಬದುಕುಳಿಯಲು ಕಾರಣ, 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅವನನ್ನು ಅಪಹರಿಸಿ ಸ್ಪೇನಿನಲ್ಲಿ ಮಾರಲು ಒಯ್ದದ್ದು! ಅಲ್ಲಿಂದ ಲಂಡನ್ನಿಗೆ ಬಂದು, ಇಂಗ್ಲಿಷ್ ಕಲಿತು, ಹಿಂತಿರುಗಿದಾಗ ಅವನ ಊರೇ ಇರಲಿಲ್ಲ. ಅವನೇ ಈಗ ಇವರಿಗೆ ದುಭಾಷಿ.

1621ರ ಮಾರ್ಚ್‌ನಲ್ಲಿ ಸಮೊಸೆಟ್ ಎಂಬ ಮೂಲನಿವಾಸಿ ಒಬ್ಬನೇ ನಡೆದು ಬಂದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಾಗ ಎಲ್ಲರೂ ಬೆರಗಾದರು, ಹೆದರಿದರು ಕೂಡ. ರಾತ್ರಿ ಅವನು ಹೋಗಲೊಲ್ಲ. ಹಡಗಿನಲ್ಲಿ ಮಲಗಿಸೋಣವೆಂದರೆ ಇಳಿತದ ನೀರು. ಕೊನೆಗೆ ಅವನನ್ನು ಮಲಗಿಸಿದ್ದು ಹಾಪ್ಕಿನ್ಸನ ಮನೆಯಲ್ಲಿ, ಕಾವಲಿನೊಂದಿಗೆ. ಜುಲೈನಲ್ಲಿ ವಾಂಪನೋಗ್ ಜನರ ನಾಯಕ ಮಸಸೊಯಿಟ್‌ನನ್ನು ಕಾಣಲು ಹಾಪ್ಕಿನ್ಸ್ ಮತ್ತು ವಿನ್‌ಸ್ಲೋ ಟಿಸ್ಕ್ವಾಂಟಮ್‌ನ ಜೊತೆ ಸುಮಾರು 65 ಕಿಲೋಮೀಟರ್ ನಡೆದರು. ದಾರಿಯಲ್ಲಿ ಹೂಳುವವರಿಲ್ಲದೆ ಬಿದ್ದ ಎಲುಬುಗಳು, ತಲೆಬುರುಡೆಗಳು. ಮಸಸೊಯಿಟ್ ಕೆಂಪು ಕೋಟಿನ ಕಾಣಿಕೆ ಸ್ವೀಕರಿಸಿ ಸಂತೋಷಪಟ್ಟ. ಆದರೆ ಮನೆಯಲ್ಲಿ ಊಟಕ್ಕೇನೂ ಇರಲಿಲ್ಲ. ಮಲಗಲು ತನ್ನ ಹಲಗೆಯ ಹಾಸಿಗೆಯಲ್ಲೇ ಜಾಗ ಕೊಟ್ಟ: ಒಂದು ತುದಿಯಲ್ಲಿ ಅವನೂ ಹೆಂಡತಿಯೂ, ಇನ್ನೊಂದು ತುದಿಯಲ್ಲಿ ಇವರು, ಜಾಗ ಸಾಲದೆಂದು ಮೇಲೆ ಇನ್ನಿಬ್ಬರು ಮುಖ್ಯಸ್ಥರು. ಮರುದಿನ ಎರಡು ಮೀನು ಬಂದವು, ತಿನ್ನುವವರು ನಲವತ್ತು ಜನ. ಹೇನು, ಸೊಳ್ಳೆ ಮತ್ತು ಹಾಡುಗಳ ನಡುವೆ ಇನ್ನೊಂದು ರಾತ್ರಿ ಕಳೆದರೆ ಮನೆ ಸೇರಲು ಶಕ್ತಿ ಉಳಿಯದೆಂದು ಇವರು ಹೊರಟುಬಂದರು. ಅತಿಥಿಗಳ ಅವಸ್ಥೆ ಓದಿ ನಗು ಬರುತ್ತದೆ. ಇದ್ದದ್ದರಲ್ಲಿ ಪಾಲು ಕೊಟ್ಟ ಆತಿಥೇಯನನ್ನೂ ನೆನೆಯಿರಿ.

ಅದೇ ವರ್ಷ ಜೂನ್‌ನಲ್ಲಿ ಹಾಪ್ಕಿನ್ಸನ ಆಳುಗಳಿಬ್ಬರೂ ಕತ್ತಿ, ಕಠಾರಿ ಹಿಡಿದು ದ್ವಂದ್ವಯುದ್ಧ ಮಾಡಿದರು. ಒಬ್ಬನಿಗೆ ಕೈಗೆ, ಇನ್ನೊಬ್ಬನಿಗೆ ತೊಡೆಗೆ ಗಾಯ. ಇಬ್ಬರನ್ನೂ ತಲೆ ಮತ್ತು ಪಾದ ಸೇರಿಸಿ ಕಟ್ಟಿ, ಅನ್ನ ನೀರಿಲ್ಲದೆ 24 ಗಂಟೆ ಇಡಬೇಕೆಂದು ಶಿಕ್ಷೆಯಾಯಿತು. ಒಂದು ಗಂಟೆಯೊಳಗೆ ಅವರ ನರಳಾಟ ನೋಡಲಾಗದೆ ಯಜಮಾನ ಹಾಪ್ಕಿನ್ಸ್ ವಿನಯದಿಂದ ಬೇಡಿಕೊಂಡ. ಅವರು ಮುಂದೆ ಸರಿಯಾಗಿರುತ್ತೇವೆಂದು ಮಾತು ಕೊಟ್ಟರು; ಗವರ್ನರ್ ಬಿಟ್ಟುಬಿಟ್ಟ. ತಾನು ಕೋಳ ತೊಟ್ಟು ನಿಂತದ್ದು ಹಾಪ್ಕಿನ್ಸನಿಗೆ ಆ ಗಳಿಗೆಯಲ್ಲಿ ನೆನಪಾಗದೆ ಇದ್ದೀತೇ?

ವರ್ಷಗಳು ಕಳೆದವು. 1627ರಲ್ಲಿ ವಸಾಹತಿನ ದನಗಳನ್ನು ಹದಿಮೂರು ಹದಿಮೂರು ಜನರ ಗುಂಪುಗಳಿಗೆ ಹಂಚಿದಾಗ ಬರೆದ ಪಟ್ಟಿಯಲ್ಲಿ ಓಷಿಯಾನಸ್ ಇಲ್ಲ, ಇಂಗ್ಲೆಂಡಿನಿಂದ ಬಂದ ಡ್ಯಾಮರಿಸ್ ಕೂಡ ಇಲ್ಲ. ಸಾವಿನ ದಾಖಲೆಗಿಂತ ಈ ಇಲ್ಲದ ಹೆಸರುಗಳೇ ಹೆಚ್ಚು ಹೇಳುತ್ತವೆ. ಮುಂದೆ ಹುಟ್ಟಿದ ಒಬ್ಬ ಮಗಳಿಗೆ ಮತ್ತೆ ಡ್ಯಾಮರಿಸ್ ಎಂದೇ ಹೆಸರಿಟ್ಟರು. ಕೇಲೆಬ್, ಡೆಬೊರಾ, ರೂತ್, ಎಲಿಜಬೆತ್ ಉಳಿದವರು. ಕಾನ್‌ಸ್ಟನ್ಸ್ ಅಷ್ಟರಲ್ಲಿ ನಿಕೊಲಾಸ್ ಸ್ನೋ ಎಂಬಾತನನ್ನು ಮದುವೆಯಾಗಿದ್ದಳು.

ಹಾಪ್ಕಿನ್ಸ್ ಈಗ ಊರಿನ ದೊಡ್ಡ ಮನುಷ್ಯ. ಗವರ್ನರನ ಸಹಾಯಕರಲ್ಲಿ ಒಬ್ಬ, ಎಂದರೆ ನ್ಯಾಯ ಹೇಳುವವರಲ್ಲಿ ಒಬ್ಬ. ಒಂದು ಪಾನಗೃಹವನ್ನೂ ನಡೆಸುತ್ತಿದ್ದ. 1636ರಲ್ಲಿ, ಅಧಿಕಾರದಲ್ಲಿದ್ದಾಗಲೇ, ಜಾನ್ ಟಿಸ್‌ಡೇಲ್ ಎಂಬವನನ್ನು ಹೊಡೆದು ಐದು ಪೌಂಡ್ ದಂಡ ತೆತ್ತ. ಭಾನುವಾರ ಪ್ರಾರ್ಥನೆ ಮುಗಿಯುವ ಮೊದಲೇ ಮನೆಯಲ್ಲಿ ಕುಡಿಯಲು ಬಿಟ್ಟದ್ದಕ್ಕೆ ಒಂದು ಮೊಕದ್ದಮೆ. ಒಂದು ಪೆನ್ನಿಯ ಬಿಯರನ್ನು ಎರಡಕ್ಕೆ ಮಾರಿದ್ದಕ್ಕೆ ಇನ್ನೊಂದು. ಬಾಸ್ಟನ್ ಕಡೆ ಒಂಬತ್ತು ಪೆನ್ಸ್‌ಗೆ ಸಿಗುವ ಕನ್ನಡಿಯನ್ನು ಹದಿನಾರಕ್ಕೆ ಮಾರಿದ್ದಕ್ಕೆ ಮತ್ತೊಂದು. ಇವನ್ನೆಲ್ಲ ಓದುವಾಗ ಅವನ ಮೇಲೆ ಕೋಪ ಬರುವುದಿಲ್ಲ. ನಮ್ಮ ಬೀದಿಯ ಅಂಗಡಿಯವನನ್ನು ನೋಡಿದಂತಾಗುತ್ತದೆ.

ಕೋಪ ಬರುವುದು ಡೊರೊಥಿ ಟೆಂಪಲ್‌ಳ ಪ್ರಕರಣದಲ್ಲಿ. ಅವಳು ಹಾಪ್ಕಿನ್ಸನ ಮನೆಯಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಹುಡುಗಿ. ಕರಾರು ಎಂದರೆ ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ, ಆ ಅವಧಿಯವರೆಗೆ ಊಟ, ಬಟ್ಟೆ, ಆಶ್ರಯ ಯಜಮಾನನ ಹೊಣೆ. ಆರ್ಥರ್ ಪೀಚ್ ಎಂಬ ಯುವಕನಿಂದ ಅವಳು ಗರ್ಭಿಣಿಯಾದಳು. ಆ ಪೀಚ್ 1638ರಲ್ಲಿ ತನ್ನ ಜೊತೆಗಾರರೊಂದಿಗೆ ಮೂಲನಿವಾಸಿ ಯುವಕನೊಬ್ಬನನ್ನು ಬಟ್ಟೆ, ಮಣಿಗಳಿಗಾಗಿ ಇರಿದು ಕೊಂದ. ಪ್ಲಿಮತ್‌ನ ನ್ಯಾಯಾಲಯ ಅವನನ್ನೂ ಇನ್ನಿಬ್ಬರನ್ನೂ ಗಲ್ಲಿಗೇರಿಸಿತು. ಮೂಲನಿವಾಸಿಯ ಕೊಲೆಗೆ ಮೂವರು ಇಂಗ್ಲಿಷರಿಗೆ ಗಲ್ಲು ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಡೊರೊಥಿಯ ಮಗುವಿನ ತಂದೆ ಹೀಗೆ ಇಲ್ಲವಾದ.

ಹಾಪ್ಕಿನ್ಸ್ ಅವಳನ್ನು ಮನೆಯಿಂದ ಹೊರಹಾಕಿದ. 1639ರ ಫೆಬ್ರುವರಿಯಲ್ಲಿ ನ್ಯಾಯಾಲಯ, ಅವಳ ಕರಾರು ಇನ್ನೂ ಎರಡು ವರ್ಷವಿದೆ, ತಾಯಿ ಮಗುವನ್ನು ನೀನೇ ನೋಡಿಕೋ, ಇಲ್ಲವೇ ಬೇರೆ ಏರ್ಪಾಡು ಮಾಡು ಎಂದಿತು. ಆಗುವುದಿಲ್ಲ ಎಂದ. ನ್ಯಾಯಾಲಯದ ಅವಮಾನಕ್ಕಾಗಿ ಅವನನ್ನು ಬಂಧನದಲ್ಲಿಟ್ಟರು. ಐವತ್ತೇಳು ವರ್ಷದ, ಊರಿನ ಹಿರಿಯ, ಬಂಧನಕ್ಕೆ ಹೋದರೂ ಪರವಾಗಿಲ್ಲ, ಆ ಹುಡುಗಿಗೆ ಸೂರು ಕೊಡುವುದಿಲ್ಲ ಎಂದು ಹಟ ಹಿಡಿದ. ನಾಲ್ಕು ದಿನಗಳ ಮೇಲೆ ಜಾನ್ ಹೋಮ್ಸ್ ಎಂಬಾತನಿಗೆ ಮೂರು ಪೌಂಡ್ ಕೊಟ್ಟು ಅವಳನ್ನೂ ಮಗುವನ್ನೂ ಸಾಗಹಾಕಿದ. ಮೂರು ಪೌಂಡ್ ಎಂದರೆ ಟಿಸ್‌ಡೇಲ್‌ನನ್ನು ಹೊಡೆದದ್ದಕ್ಕೆ ತೆತ್ತ ದಂಡಕ್ಕಿಂತ ಕಡಿಮೆ. ಡೊರೊಥಿಯ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಮದುವೆಯಿಲ್ಲದೆ ಹೆತ್ತದ್ದಕ್ಕಾಗಿ ಎರಡು ಸಲ ಚಾಟಿಯೇಟಿನ ಶಿಕ್ಷೆ ವಿಧಿಸಿದರು. ಮೊದಲ ಸಲಕ್ಕೇ ಪ್ರಜ್ಞೆ ತಪ್ಪಿ ಬಿದ್ದಳು, ಎರಡನೆಯದನ್ನು ಕೈಬಿಟ್ಟರು.

ಹೆಂಡತಿ ಮಕ್ಕಳ ಹೆಸರಿನಲ್ಲಿ ಪ್ರಾಣಭಿಕ್ಷೆ ಪಡೆದವನು, ಜಗಳಗಂಟ ಆಳುಗಳಿಗಾಗಿ ಗವರ್ನರನ ಮುಂದೆ ತಲೆಬಾಗಿದವನು, ಈ ಹುಡುಗಿಯ ವಿಷಯದಲ್ಲಿ ಏಕೆ ಕಲ್ಲಾದ? ಪಾನಗೃಹದ ಮರ್ಯಾದೆಯೇ, ಮನೆಯಲ್ಲಿ ಬೆಳೆಯುತ್ತಿದ್ದ ಹೆಣ್ಣುಮಕ್ಕಳ ಹೆದರಿಕೆಯೇ, ಖರ್ಚಿನ ಲೆಕ್ಕವೇ? ನಾನು ಈ ಪ್ರಶ್ನೆಯನ್ನು ಕಾಲೇಜಿನ ಕೆಲವು ವಿದ್ಯಾರ್ಥಿಗಳ ಮುಂದಿಟ್ಟಾಗ ಹುಡುಗರು ಕಾರಣಗಳನ್ನು ಹುಡುಕಿದರು. ಹುಡುಗಿಯರು ಸುಮ್ಮನಿದ್ದರು.

1644ರ ಜೂನ್ 6ರಂದು ಹಾಪ್ಕಿನ್ಸ್ ಉಯಿಲು ಬರೆಸಿದ. ಆ ವೇಳೆಗೆ ಎಲಿಜಬೆತ್ ತೀರಿಕೊಂಡಿದ್ದಳು. ಅವಳ ಹತ್ತಿರವೇ ತನ್ನನ್ನು ಹೂಳಬೇಕೆಂದು ಕೇಳಿಕೊಂಡ. ಹಳ್ಳಿಯ ಕಡೆಯಿಂದ ಬಂದವರಿಗೆ ಈ ಉಯಿಲು ತುಂಬ ಹಿಡಿಸುತ್ತದೆ, ಏಕೆಂದರೆ ಅದರ ತುಂಬ ದನಗಳು, ಅವುಗಳಲ್ಲಿ ಕೆಲವಕ್ಕೆ ಹೆಸರುಗಳು. ದೊಡ್ಡ ಹೋರಿ ಜೈಲ್ಸ್‌ಗೆ. ಆ ಹೋರಿಯ ಬಾಡಿಗೆಯಿಂದ ಬರಬೇಕಾದ ಇಪ್ಪತ್ತು ಶಿಲಿಂಗ್ ಜೈಲ್ಸ್‌ನ ಮಗನಿಗೆ. ಹೆಣ್ಣುಕುದುರೆ ಕಾನ್‌ಸ್ಟನ್ಸ್‌ಗೆ. ಅಗಲ ಕೊಂಬಿನ ಕಪ್ಪು ಹಸು ಡೆಬೊರಾಳಿಗೆ; ಮಾಟ್ಲಿ ಎಂಬ ಮಚ್ಚೆಯ ಹಸುವಿನಲ್ಲಿ ಅರ್ಧ ಅವಳಿಗೆ, ಇನ್ನರ್ಧ ಡ್ಯಾಮರಿಸ್‌ಗೆ. ರೆಡ್ ಕೋಲ್ ಎಂಬುದು ರೂತ್‌ಗೆ. ಸ್ಮೈಕಿನ್ಸ್ ಮತ್ತು ಅದರ ಕರು ಎಲಿಜಬೆತ್‌ಗೆ, ಜೊತೆಗೆ ಬಾಲವಿಲ್ಲದ ಒಂದು ಕಡಸು. ಗುಂಗುರು ಕೂದಲಿನ ಹಸುವಿನಲ್ಲಿ ಅವಳಿಗೂ ರೂತ್‌ಗೂ ಅರ್ಧರ್ಧ. ಮನೆ, ಜಮೀನು, ಜೋಡಿ ಎತ್ತು ಕೇಲೆಬ್‌ಗೆ. ಹಸು ಅರ್ಧವಾಗುವುದು ಹೇಗೆಂದು ನಗಬೇಡಿ. ಹಾಲೂ ಕರುವೂ ಸರದಿಯಲ್ಲಿ ಹಂಚಿಹೋಗುವುದನ್ನು ನಮ್ಮ ಕೂಡು ಕುಟುಂಬಗಳು ಚೆನ್ನಾಗಿ ಬಲ್ಲವು.

ಮನೆ ಪಡೆದ ಕೇಲೆಬ್ ನಾವಿಕನಾಗಿ ಬಾರ್ಬಡೋಸ್‌ನಲ್ಲಿ ಸತ್ತ. ಜೈಲ್ಸ್ ಮತ್ತು ಕಾನ್‌ಸ್ಟನ್ಸ್, ಎಂದರೆ ಹರ್ಸ್ಲಿಯಲ್ಲಿ ತಾಯಿಯನ್ನು ಕಳೆದುಕೊಂಡ ಆ ಮಕ್ಕಳು, ಈಸ್ಟ್‌ಹ್ಯಾಮ್ ಎಂಬಲ್ಲಿ ನೆಲೆಸಿದರು. ಕಾನ್‌ಸ್ಟನ್ಸ್‌ಗೆ ಹನ್ನೆರಡು ಮಕ್ಕಳು. ಅವಳದೆಂದು ಹೇಳುವ ಒಂದು ಟೋಪಿ ಪ್ಲಿಮತ್‌ನ ಪಿಲ್‌ಗ್ರಿಮ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಅವಳು 1677ರವರೆಗೆ ಬದುಕಿದ್ದಳು. ಹಾಗಾಗಿ 1675ರಲ್ಲಿ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ಎದ್ದ ಭೀಕರ ಯುದ್ಧವನ್ನೂ ಕಂಡಳು. ಆ ಯುದ್ಧದ ನಾಯಕ ಮೆಟಕೊಮ್, ಅವಳ ತಂದೆಗೆ ಹಾಸಿಗೆಯಲ್ಲಿ ಜಾಗ ಕೊಟ್ಟ ಮಸಸೊಯಿಟ್‌ನ ಮಗ. 1676ರಲ್ಲಿ ಅವನನ್ನು ಕೊಂದು ತಲೆಯನ್ನು ಪ್ಲಿಮತ್‌ನಲ್ಲಿ ಗಳುವಿಗೆ ಸಿಕ್ಕಿಸಿದರು. ಮಸಸೊಯಿಟ್‌ನ ಮೊಮ್ಮಗನನ್ನು ಗುಲಾಮನಾಗಿ ಮಾರಿದರು.

ಬಾಲವಿಲ್ಲದ ಕಡಸನ್ನು ಪಡೆದ ಕಿರಿಯ ಮಗಳು ಎಲಿಜಬೆತ್‌ಳ ವಿಷಯ ಹೇಳಲಿಲ್ಲ. ತಂದೆ ಸತ್ತಾಗ ಅವಳಿನ್ನೂ ಚಿಕ್ಕವಳು. ರಿಚರ್ಡ್ ಸ್ಪ್ಯಾರೋ ಎಂಬಾತನ ಮನೆಯಲ್ಲಿ ಬೆಳೆಯಲು ಬಿಟ್ಟರು. ದೊಡ್ಡವಳಾದ ಮೇಲೆ ಆ ವಸಾಹತನ್ನು ಬಿಟ್ಟು ಎಲ್ಲಿಗೋ ಹೋದಳು. 1659ರಲ್ಲಿ ಊರಿನವರು ಅವಳ ಪಾಲಿನ ದನಗಳನ್ನು ನಿಲ್ಲಿಸಿ ಬೆಲೆ ಕಟ್ಟಿದರು. ಎಲಿಜಬೆತ್ ಹಾಪ್ಕಿನ್ಸ್ ಇನ್ನು ಬಾರದೇ ಹೋದರೆ, ಎಂದು ಆ ಲೆಕ್ಕದಲ್ಲಿ ಬರೆದಿದೆ.